ಸುತ್ತು ಹಾಕು, ಗೆರೆ ಎಳೆ, ಪ್ರಶ್ನೆ ಕೇಳು

ನನ್ನ ಬಿಳಿ ಅಂಗಿಯ ಜೇಬಿನ ತುದಿಯಲ್ಲಿ ಒಂದು ಹಳದಿ ಕಲೆ ಇದೆ. ಕಂಡವರೆಲ್ಲ ಮೀನು ಸಾರು ಚೆಲ್ಲಿಕೊಂಡಿದ್ದಾನೆ ಎಂದುಕೊಳ್ಳುತ್ತಾರೆ. ಅಂಕೋಲೆಯಲ್ಲಿ ಗಂಡಸಿನ ಅಂಗಿಯ ಮೇಲೆ ಸಾರಿನ ಕಲೆ ಇದ್ದರೆ ಅದನ್ನು ಯಾರೂ ಮತ್ತೊಮ್ಮೆ ತಿರುಗಿ ನೋಡುವುದಿಲ್ಲ. ಹಾಗಾಗಿ ನಾನೂ ತಿದ್ದಲು ಹೋಗುವುದಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ, ಅದು ಸಾರಲ್ಲ, ವಿದ್ಯೆ. ಕಾರವಾರದಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹೊಳೆಯುವ ಹಳದಿ ಪೆನ್ನು ಕೊಟ್ಟಿದ್ದರು. ಅದರ ಮುಚ್ಚಳ ಸರಿಯಾಗಿ ಹಾಕದೆ ಜೇಬಿಗಿಟ್ಟುಕೊಂಡು ನಾನು ಬಸ್ಸಿನಲ್ಲಿ ನಿದ್ದೆ ಹೋಗಿದ್ದೆ.

ನಾನು ಅಂಕೋಲಾ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವನು. ಆರು, ಏಳನೆಯ ತರಗತಿಯ ಮಕ್ಕಳು ಪಾಠವನ್ನು ಗಟ್ಟಿಯಾಗಿ ಓದುತ್ತಾರೆ, ಆದರೆ ಅದರಲ್ಲಿ ಏನಿದೆ ಎಂದು ನೋಡುವುದಿಲ್ಲ ಎಂಬ ಸುದ್ದಿ ಹೇಗೋ ಮೇಲಿನವರ ಕಿವಿಗೆ ಬಿತ್ತು. ಮೇಲಿನವರು ಎಂದಿನಂತೆ ಮಕ್ಕಳನ್ನು ಬಿಟ್ಟು ಮಾಸ್ತರರನ್ನು ಕರೆಸಿದರು. ತರಬೇತಿಯ ಹೆಸರು ‘ನಿಕಟ ಓದು ಮತ್ತು ಟಿಪ್ಪಣಿ ತಂತ್ರಗಳು’. ಬ್ಯಾನರಿನಲ್ಲಿ ಹೂಗುಚ್ಛದ ಚಿತ್ರವೂ ಇತ್ತು. ಹೂಗುಚ್ಛಕ್ಕೂ ಓದಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಬ್ಯಾನರನ್ನು ಯಾರೂ ಓದಿರಲಿಲ್ಲ.

ನಮಗೆ ಕಲಿಸಲು ಬಂದ ಮಹನೀಯರು ನಮಗೆ ಬೆನ್ನು ಮಾಡಿ, ಗೋಡೆಯ ಮೇಲೆ ಬಿದ್ದ ಅಕ್ಷರಗಳನ್ನು ಒಂದೂ ಬಿಡದೆ ಓದಿದರು. ಗೊತ್ತಿಲ್ಲದ ಪದಕ್ಕೆ ಸುತ್ತು ಹಾಕಬೇಕು. ಮುಖ್ಯವಾದ ಸಾಲಿಗೆ ಗೆರೆ ಎಳೆಯಬೇಕು. ಅರ್ಥವಾಗದಿದ್ದಲ್ಲಿ ಪ್ರಶ್ನೆಯ ಚಿಹ್ನೆ, ಆಶ್ಚರ್ಯವಾದಲ್ಲಿ ಆಶ್ಚರ್ಯದ ಚಿಹ್ನೆ, ನಮ್ಮ ಬದುಕಿಗೆ ಹತ್ತಿರವಾದದ್ದು ಕಂಡರೆ ಅಂಚಿನಲ್ಲಿ ಒಂದು ನಕ್ಷತ್ರ. “ಹೀಗೆ ವಿದ್ಯಾರ್ಥಿಯು ಪಠ್ಯದೊಡನೆ ಸಂವಾದ ನಡೆಸುತ್ತಾನೆ” ಎಂದರು. ಹಿಂದಿನ ಸಾಲಿನ ಒಬ್ಬ ಮಾಸ್ತರರು ಎದ್ದು, “ಸಂವಾದ ಅಂದ್ರೆ ಎಂತ ಸರ್, ಉದಾಹರಣೆ ಕೊಡಿ” ಎಂದು ಕೇಳಿದರು. “ಅದು ಮುಂದಿನ ಸ್ಲೈಡಿನಲ್ಲಿ ಬರುತ್ತದೆ” ಎಂದರು. ಮುಂದಿನ ಸ್ಲೈಡಿನಲ್ಲಿ ಚಹಾದ ವಿರಾಮ ಇತ್ತು.

ಚಹಾ ಆದಮೇಲೆ ಅಭ್ಯಾಸಕ್ಕೆಂದು ಆಲದ ಮರದ ಮೇಲಿನ ಒಂದು ಗದ್ಯ ಕೊಟ್ಟರು. ನಾವೆಲ್ಲ ಪೆನ್ನಿನ ಮುಚ್ಚಳ ತೆಗೆದು, ಮೊದಲು ಪಕ್ಕದವರ ಹಾಳೆ ನೋಡಿದೆವು. ಪಕ್ಕದವರು ಅವರ ಪಕ್ಕದವರದ್ದು ನೋಡುತ್ತಿದ್ದರು. ಕೊನೆಗೆ ಕಿಟಕಿಯ ಬದಿಯಲ್ಲಿದ್ದ ಟೀಚರೊಬ್ಬರು ಧೈರ್ಯ ಮಾಡಿ ‘ಬಿಳಲು’ ಎಂಬ ಪದಕ್ಕೆ ಸುತ್ತು ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಭಾಂಗಣಕ್ಕೆ ಬಿಳಲು ಎಂದರೇನೆಂದು ಗೊತ್ತಿಲ್ಲದಂತಾಯಿತು. ಆಮೇಲೆ ಅಭಿಪ್ರಾಯದ ಹಾಳೆ ಬಂತು. ಅದಕ್ಕೆ ‘ಅತ್ಯುತ್ತಮ’ ಎಂದು ಗುರುತು ಹಾಕಿ ಸಹಿ ಮಾಡಿ ಊಟಕ್ಕೆ ಹೋದೆವು. ತರಬೇತಿಯ ಉಳಿದರ್ಧ ಊಟದ ನಂತರ ನಡೆಯುವುದಿತ್ತು.

ಊಟದ ಮೇಜಿನ ಹತ್ತಿರ ನೋಡಬೇಕಿತ್ತು ನೀವು ನಿಕಟ ಓದನ್ನು! ಬೆಳಗಿನಿಂದ ತೂಕಡಿಸುತ್ತಿದ್ದವರ ಕಣ್ಣುಗಳೆಲ್ಲ ಅಗಲವಾದವು. ಬಂಗಡೆಯ ತುಂಡು ಬಾಲದ್ದೋ ನಡುವಿನದ್ದೋ, ಇವತ್ತಿನದ್ದೋ ಬರ್ಫದ್ದೋ, ಹುಳಿ ಕೋಕಮ್ಮಿನದೋ ಹುಣಸೆಯದ್ದೋ ಎಂಬುದನ್ನು ಒಂದು ತುತ್ತಿಗೆ ಹೇಳಿಬಿಟ್ಟರು. ನಮ್ಮ ಕಡೆಯವರಿಗೆ ಓದಲು ಬರುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಅಂಕೋಲೆಯ ಮೀನುಪೇಟೆಗೆ ಒಂದು ಬೆಳಿಗ್ಗೆ ಬನ್ನಿ. ಬ್ಯಾಂಕಿನಲ್ಲಿ ತೋರಿಸಿದಲ್ಲೆಲ್ಲ ಕಣ್ಣುಮುಚ್ಚಿ ಸಹಿ ಮಾಡಿ ಬಂದ ಮನುಷ್ಯ, ಅಲ್ಲಿ ಮೀನಿನ ಕಿವಿರು ಎತ್ತಿ, ಹೊಟ್ಟೆ ಒತ್ತಿ, ಕಣ್ಣಿಗೆ ಕಣ್ಣಿಟ್ಟು ನೋಡಿ, ಮೂಸಿ, “ಇದು ನಿನ್ನೇದಲ್ಲವೇನೇ?” ಎಂದು ಪ್ರಶ್ನೆಯ ಚಿಹ್ನೆಯನ್ನೂ ಹಾಕುತ್ತಾನೆ. ಅಕ್ಷರ ಕಂಡರೆ ಮಾತ್ರ ನಮಗೆ ಭಕ್ತಿ ಬಂದುಬಿಡುತ್ತದೆ.

ಈ ಭಕ್ತಿ ಸಣ್ಣಂದಿನಿಂದ ಬಂದದ್ದು. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಜೂನ್ ತಿಂಗಳಲ್ಲಿ ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಪುಸ್ತಕಗಳಿಗೆಲ್ಲ ಹೊದಿಕೆ ಹಾಕಿಕೊಡುತ್ತಿದ್ದ. ನನ್ನ ಗಣಿತದ ಪುಸ್ತಕದ ಮೇಲೆ ವರ್ಷವಿಡೀ ಲಕ್ಷ್ಮಿಯ ಒಂದು ಕೈ ಮಾತ್ರ ಇರುತ್ತಿತ್ತು. ದಸರೆಯಲ್ಲಿ ಪುಸ್ತಕ ದೇವರ ಮುಂದೆ ಹೋಗುತ್ತಿತ್ತು, ಆಗ ಅದನ್ನು ಓದುವ ಹಾಗಿರಲಿಲ್ಲ. ಪುಸ್ತಕಕ್ಕೆ ಅತಿ ಹೆಚ್ಚು ಗೌರವ ಸಿಗುತ್ತಿದ್ದದ್ದು ಅದನ್ನು ಓದದ ದಿನಗಳಲ್ಲೇ. ಆ ದಿನಗಳನ್ನು ನಾವು ಬಹಳ ಇಷ್ಟಪಡುತ್ತಿದ್ದೆವು.

ಅಂಚಿನಲ್ಲಿ ಬರೆಯುವುದಂತೂ ಮಹಾಪರಾಧ. ಆದರೂ ನಾನು ಅರ್ಧ ಬೆಲೆಗೆ ಕೊಂಡುಕೊಂಡ ಒಂದು ಹಳೆಯ ಸಮಾಜ ಪುಸ್ತಕದಲ್ಲಿ ಗೆರೆಗಳಿದ್ದವು. ಮಾರಿದವನು ನನಗಿಂತ ಒಂದು ತರಗತಿ ಮುಂದಿದ್ದ ಹುಡುಗ. ಯಾವುದು ಮುಖ್ಯವೆಂದು ತಿಳಿಯದೆ ಆತ ಎಲ್ಲ ಸಾಲುಗಳಿಗೂ ಗೆರೆ ಎಳೆದಿದ್ದ. ಒಂದೇ ಒಂದು ಸಾಲು ತಪ್ಪಿ ಉಳಿದುಹೋಗಿತ್ತು. ಇದರಲ್ಲೇನೋ ಗುಟ್ಟಿದೆ ಎಂದು ನಾನು ಆ ಸಾಲನ್ನು ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಆ ಸಾಲು ಬಿಟ್ಟು ಮಿಕ್ಕಿದ್ದೆಲ್ಲ ಬಂತು.

ಇಂಥ ಹಿನ್ನೆಲೆಯ ನಾನು ತರಬೇತಿ ಮುಗಿಸಿ ಬಂದು ಏಳನೆಯ ತರಗತಿಯ ಮಕ್ಕಳಿಗೆ, “ಪುಸ್ತಕದಲ್ಲಿ ನಿಮಗೆ ಅನ್ನಿಸಿದ್ದನ್ನು ಪೆನ್ಸಿಲಿನಿಂದ ಗುರುತು ಹಾಕಿ” ಎಂದೆ.  ಬೆಳಂಬಾರದ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಆಶ್ಚರ್ಯ ಎಷ್ಟನೇ ಸಾಲಿಗೆ ಹಾಕೂದು?” ಎಂದಳು. “ಎಲ್ಲಿ ಆಶ್ಚರ್ಯ ಆಗ್ತದೋ ಅಲ್ಲಿ.” “ಎಲ್ಲೂ ಆಗ್ಲಿಲ್ಲಾ ಸರ್.” ಹುಡುಗಿ ನಿಜ ಹೇಳಿದ್ದಳು. ಆದರೆ ವರದಿಯಲ್ಲಿ ನಿಜ ತುಂಬಲು ಕಾಲಂ ಇರುವುದಿಲ್ಲ. ನಾನು ಹಲಗೆಯ ಮೇಲೆ, ಎರಡನೆಯ ಪ್ಯಾರಾದ ಕೊನೆಯಲ್ಲಿ ಆಶ್ಚರ್ಯ, ಮೂರನೆಯದರ ನಡುವೆ ಪ್ರಶ್ನೆ ಎಂದು ಬರೆದುಕೊಟ್ಟೆ. ಇಡೀ ತರಗತಿ ಒಂದೇ ಸಲಕ್ಕೆ, ಒಂದೇ ಜಾಗದಲ್ಲಿ ಆಶ್ಚರ್ಯಪಟ್ಟಿತು. ತರಬೇತಿಯ ಫಲ ನೋಡಲು ಬಂದ ಮೇಲಿನವರಿಗೆ ಬಹಳ ಸಂತೋಷವಾಯಿತು. ಅವರು ಹೋದಮೇಲೆ ಮುಖ್ಯ ಶಿಕ್ಷಕಿಯವರು, ಪುಸ್ತಕಗಳು ಬರುವ ವರ್ಷದ ಮಕ್ಕಳಿಗೆ ಬೇಕು, ಎಲ್ಲ ಅಳಿಸಿಬಿಡಿ ಎಂದರು. ಅಳಿಸಿದೆವು.

ನನ್ನ ತರಬೇತಿ ನಿಜವಾಗಿ ಫಲ ಕೊಟ್ಟದ್ದು ಒಂದೇ ಕಡೆ, ನನ್ನ ಮನೆಯಲ್ಲಿ. ಅದಕ್ಕಾಗಿ ನಾನು ಇವತ್ತಿಗೂ ಮನೆಯವರ ಬೈಗುಳ ತಿನ್ನುತ್ತಿದ್ದೇನೆ.

ನನ್ನ ಮಗಳು ಚಿನ್ಮಯಿ ಪೇಟೆಯ ಬೇರೊಂದು ಶಾಲೆಯಲ್ಲಿ ಏಳನೆಯ ತರಗತಿ. ತರಬೇತಿಯಲ್ಲಿ ಕೊಟ್ಟ ಚಿಹ್ನೆಗಳ ಹಾಳೆ ಅವಳ ಕೈಗೆ ಸಿಕ್ಕಿತು. ಅದನ್ನು ಯಾರೂ ಹಲಗೆಯ ಮೇಲೆ ಬರೆದು ತೋರಿಸದೆ ಇದ್ದುದರಿಂದ, ಪಾಪ, ಅವಳು ಅದನ್ನು ನಿಜವೆಂದೇ ನಂಬಿದಳು. ಮೊದಲು ನೆರೆಮನೆಯ ಗೃಹಪ್ರವೇಶದ ಆಮಂತ್ರಣಕ್ಕೆ ಕೈ ಹಾಕಿದಳು. ‘ನಿಮ್ಮ ಆಗಮನವೇ ನಮಗೆ ಉಡುಗೊರೆ’ ಎಂಬಲ್ಲಿ ಗೆರೆ ಎಳೆದು, ‘ಹಾಗಾದರೆ ಸ್ಟೀಲ್ ಡಬ್ಬಿ ಯಾಕೆ ತಂದಿದ್ದೀರಿ ಅಜ್ಜಿ?’ ಎಂದು ಅಂಚಿನಲ್ಲಿ ಬರೆದಳು. ಕೆಮ್ಮಿನ ಔಷಧದ ಡಬ್ಬಿಯ ಮೇಲೆ ‘ವೈದ್ಯರ ಸಲಹೆಯ ಮೇರೆಗೆ’ ಎಂಬುದಕ್ಕೆ ಸುತ್ತು ಹಾಕಿ, ‘ಯಾವ ವೈದ್ಯರು? ಇದು ದೊಡ್ಡಜ್ಜ ಕೊಟ್ಟದ್ದು’ ಎಂದು ಬರೆದಳು. ಮನೆಯಲ್ಲಿ ಮುದ್ರಿತವಾದದ್ದು ಯಾವುದೂ ಸುರಕ್ಷಿತವಾಗಿ ಉಳಿಯಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ತರಬೇತಿ ಕೊಟ್ಟವರಿಗೆ ಒಂದು ಫೋಟೋ ಕಳಿಸಿಯೂ ಇದ್ದೆ, ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಅದೇ ಹೊತ್ತಿಗೆ ನನ್ನ ತಂಗಿ ಸುಧಾಳಿಗೆ ಒಂದು ಸಂಬಂಧ ಬಂದಿತ್ತು.

ಸುಧಾ ಕಾರವಾರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹಿಡಿದು ಹೋದರೆ ಬರುವುದು ಸಂಜೆಗೆ. “ಈಗೆಲ್ಲ ಮಷೀನೇ ನೋಡ್ತದೆ, ನಿಂಗೆಂತ ಕೆಲ್ಸ?” ಎಂದು ಯಾರಾದರೂ ಕೇಳಿದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. “ಮಷೀನು ಹೇಳಿದ್ದು ಹೌದೋ ಅಲ್ವೋ ಅಂತ ನೋಡೂಕೆ ಕಣ್ಣಿದ್ದ ಮನ್ಷಾ ಬೇಕು” ಎನ್ನುತ್ತಾಳೆ. ಮದುವೆಗೆ ಅವಳು ಇಲ್ಲವೆಂದಿರಲಿಲ್ಲ. ಒಂದೇ ಮಾತು ಹೇಳಿದ್ದಳು, ಎಲ್ಲರ ಎದುರಿಗೆ, ಊಟದ ಹೊತ್ತಿಗೆ, ಸ್ಪಷ್ಟವಾಗಿ: “ಕೆಲ್ಸ ಬಿಡೂದಿಲ್ಲ. ಅದಕ್ಕೆ ಒಪ್ಪಿದವ್ರು ಬರ್ಲಿ. ಒಪ್ಪದವ್ರು ಬಂದು ನನ್ನ ಭಾನುವಾರ ಹಾಳ್ ಮಾಡೂದು ಬ್ಯಾಡ.”

“ಅದೆಲ್ಲ ಮಾತಾಡಿದ್ದಾತು ಮಗಾ” ಎಂದಿದ್ದರು ನಮ್ಮ ಆಯಿ, ಎಂದರೆ ಅಮ್ಮ. ಆಯಿಗೆ ದೊಡ್ಡಪ್ಪ ಮಾತಾಡಿದ್ದಾರೆ ಎಂಬ ಭರವಸೆ. ಸಂಬಂಧ ತಂದ ದೊಡ್ಡಪ್ಪನಿಗೆ, ಮಾಸ್ತರನಾದ ನಾನು ವಿಚಾರಿಸಿರುತ್ತೇನೆ ಎಂಬ ಭರವಸೆ. ನನಗೆ, ಬಯೋಡಾಟಾ ಇಷ್ಟು ಚೆಂದದ ಕಾಗದದ ಮೇಲೆ ಅಚ್ಚು ಹಾಕಿಸಿದವರು ವಿಚಾರವಂತರೇ ಇರಬೇಕು ಎಂಬ ಭರವಸೆ.

ಆ ಬಯೋಡಾಟಾ ಮನೆಗೆ ಬಂದ ದಿನ ಎಲ್ಲರೂ ಅದನ್ನು ನೋಡಿದರು. ನೋಡಿದರು ಎಂದೆ, ಗಮನಿಸಿ. ಆಯಿ ಫೋಟೋ ನೋಡಿ, ಕೂದಲು ಸ್ವಂತದ್ದೇ ಎಂದರು. ಅಪ್ಪ ಕುಲದೇವರ ಹೆಸರು ನೋಡಿದ. ಅರಣ್ಯ ಇಲಾಖೆಯಿಂದ ನಿವೃತ್ತರಾದ ದೊಡ್ಡಪ್ಪ, ಅಮದಳ್ಳಿಯಲ್ಲಿ ಹೆದ್ದಾರಿಗೆ ತಾಗಿ ಜಾಗ ಇದೆ ಎಂಬಲ್ಲಿಗೆ ಬೆರಳಿಟ್ಟು, ಅಲ್ಲಿಂದ ಮುಂದೆ ಹೋಗಲಿಲ್ಲ. ಸುಧಾ ಹುಟ್ಟಿದ ವರ್ಷ ನೋಡಿ, ಫೋಟೋವನ್ನು ಕೊಂಚ ಹೆಚ್ಚು ಹೊತ್ತು ನೋಡಿ, ನಾವು ನೋಡುತ್ತಿರುವುದನ್ನು ಕಂಡು ಕೆಳಗಿಟ್ಟಳು. ಕನ್ನಡದ ಮಾಸ್ತರನಾದ ನಾನು ಅದರಲ್ಲಿ ಒತ್ತಕ್ಷರದ ತಪ್ಪು ಹುಡುಕಿ, ಸಿಕ್ಕಿದ ಸಂತೋಷದಲ್ಲಿ ಹಾಳೆ ಮಡಚಿದೆ.

ಆಮೇಲೆ ಅದು ದೇವರ ಪಾಲಾಯಿತು. ನಮ್ಮ ಕಡೆ ಸಂಬಂಧ ಬಂದರೆ ಪ್ರಸಾದ ಕೇಳುವ ಪದ್ಧತಿ ನಿಮಗೆ ಗೊತ್ತಿರಬಹುದು. ದೇವರ ಮೂರ್ತಿಯ ಎಡಕ್ಕೂ ಬಲಕ್ಕೂ ನೀರಿನಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದ್ದು ಬಿದ್ದರೆ ಬೇಡ ಎಂದು. ಗುಡಿಯಲ್ಲಿ ಅವತ್ತು ದೊಡ್ಡಪ್ಪನ ಓದನ್ನು ನೀವು ನೋಡಬೇಕಿತ್ತು. ರೆಪ್ಪೆ ಮಿಟುಕಿಸದೆ ನಿಂತಿದ್ದರು. ಫ್ಯಾನ್ ಆರಿಸಿದೆಯೇ, ಬಾಗಿಲಿನಿಂದ ಗಾಳಿ ಬರುತ್ತಿದೆಯೇ, ಎಸಳು ಉದುರುವ ಮೊದಲು ಸ್ವಲ್ಪ ಜಾರಿತೋ, ಒಮ್ಮೆಲೇ ಬಿತ್ತೋ, ಬಿದ್ದದ್ದು ಅಂಗಾತವೋ ಮಗುಚಿಯೋ, ಎಲ್ಲವನ್ನೂ ಗಮನಿಸಿ ಭಟ್ಟರ ಜೊತೆ ಚರ್ಚೆ ನಡೆಸಿದರು. ಬಲಪ್ರಸಾದವೇ ಆಗಿತ್ತು. ಒಂದು ಎಸಳನ್ನು ಇಷ್ಟು ನಿಕಟವಾಗಿ ಓದಿದ ಮನುಷ್ಯ ಕೈಯಲ್ಲಿದ್ದ ಹಾಳೆಯನ್ನು ಬಿಡಿಸಿಯೂ ನೋಡಲಿಲ್ಲ. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಸಿಕೊಂಡು ಬಂದು ನಮ್ಮ ದೇವರ ಕೋಣೆಯಲ್ಲಿ ಇಟ್ಟರು. ಅಲ್ಲಿಗೆ ಅದರ ಓದು ಮುಗಿಯಿತು ಎಂದು ನಾವು ತಿಳಿದೆವು.

ಆದರೆ ಆಯಿಗೆ ಮಂಡಿ ನೋವಾದ್ದರಿಂದ ಸಂಜೆ ದೇವರ ದೀಪ ಹಚ್ಚುವವಳು ಚಿನ್ಮಯಿ.

ಹುಡುಗನ ಕಡೆಯವರು ಭಾನುವಾರ ಬಂದರು. ಹುಡುಗನ ಹೆಸರು ಪ್ರಶಾಂತ. ನೋಡಲು ಲಕ್ಷಣವಾಗಿದ್ದ, ನಗುವಾಗ ಇನ್ನೂ ಚೆನ್ನಾಗಿ ಕಾಣುತ್ತಿದ್ದ. ಸುಧಾ ಚಹಾ ಕೊಡುವಾಗ ಅವನು, “ಬಸ್ಸಿಗೆ ದಿನಾ ಓಡಾಡೂಕೆ ಕಷ್ಟ ಅಲ್ವಾ?” ಎಂದು ಮೆತ್ತಗೆ ಕೇಳಿದ. “ಕಿಟಕಿ ಸಿಕ್ಕಿದ್ರೆ ಕಷ್ಟ ಇಲ್ಲ” ಎಂದಳು ಅವಳು. ಇಬ್ಬರೂ ಸಣ್ಣಗೆ ನಕ್ಕರು. ನನ್ನ ತಂಗಿ ಹಾಗೆ ನಕ್ಕಿದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ಆಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಿಬಿಡಲಿ ದೇವರೇ ಎಂದು ನನಗೂ ಅನ್ನಿಸಿತು.

ಹುಡುಗನ ತಾಯಿ ಮಾತುಗಾರ್ತಿ. ಅವನಿಗೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರೂ ಅವರೇ ಉತ್ತರಿಸುತ್ತಿದ್ದರು. ತಿಂಡಿ ಆಯಿತು, ನಗೆ ಆಯಿತು. ಈಗ ಶುಭಸೂಚಕವಾಗಿ ಏನಾದರೂ ಮಾಡಬೇಕೆಂದು ದೊಡ್ಡಪ್ಪನಿಗೆ ಅನ್ನಿಸಿತು. ದೇವರ ಕೋಣೆಗೆ ಹೋಗಿ, ತಟ್ಟೆಯಲ್ಲಿ ತೆಂಗಿನಕಾಯಿ, ಕುಂಕುಮ, ಮೇಲೆ ಆ ಮಡಚಿದ ಹಾಳೆ ಇಟ್ಟು ತಂದು, ಎರಡೂ ಕೈಯಿಂದ ಹುಡುಗನ ತಾಯಿಯ ಮುಂದೆ ಹಿಡಿದರು.

“ದೇವ್ರ ಮುಂದೆ ಇಟ್ಟದ್ದು. ಬಲಪ್ರಸಾದ ಆಗ್ಯದೆ. ನೋಡಿ, ಅರಿಶಿನ ಹಚ್ಚಿದ್ದು.”

ತಾವೂ ಒಮ್ಮೆ ಬಿಡಿಸಿ ನೋಡಬೇಕೆಂದು ಅವರಿಗೆ ಆಗಲೂ ಅನ್ನಿಸಲಿಲ್ಲ. ಆ ತಾಯಿ ಭಕ್ತಿಯಿಂದ ಹಾಳೆ ಬಿಡಿಸಿ, ಕನ್ನಡಕ ಹಾಕಿಕೊಂಡರು. ಅಂಚಿನ ತುಂಬ ಪೆನ್ಸಿಲಿನ ಅಕ್ಷರ.

“ಅರೇ, ಭಟ್ರು ಎಂತದೋ ಬರ್ದಂಗದೆ” ಎಂದು ಸಂತೋಷದಿಂದ ಗಟ್ಟಿಯಾಗಿ ಓದತೊಡಗಿದರು. “ಉದ್ಯೋಗ, ಸ್ವಂತ ವ್ಯವಹಾರ. ಅದ್ಕೆ ಸುತ್ತು ಹಾಕಿ ಬರ್ದಾರೆ... ಯಾವ ವ್ಯವಹಾರ? ಬರೆಯಲು ಜಾಗ ಇತ್ತಲ್ಲ.”

ನಾನು ಅಕ್ಷರ ಗುರುತಿಸಿದೆ. ಮಗಳ ಕಡೆ ನೋಡಿದೆ. ಅವಳು ಬಾಳೆಕಾಯಿ ಚಿಪ್ಸ್ ತಿನ್ನುತ್ತ, ತನ್ನ ಪ್ರಬಂಧ ತರಗತಿಯಲ್ಲಿ ಓದಲಾಗುತ್ತಿದೆ ಎಂಬಂತೆ ಹೆಮ್ಮೆಯಿಂದ ಕುಳಿತಿದ್ದಳು.

ಓದು ಶುರುವಾದಮೇಲೆ ನಿಲ್ಲಿಸುವುದು ಕಷ್ಟ. ತಾಯಿಯ ದನಿ ಮೆಲ್ಲಗೆ ಇಳಿಯುತ್ತ ಹೋದರೂ ಕಣ್ಣು ಮುಂದೆ ಹೋಗುತ್ತಿತ್ತು, ಕಣ್ಣಿನ ಹಿಂದೆ ಬಾಯಿ. ‘ಹೆದ್ದಾರಿಗೆ ತಾಗಿದ ಜಾಗ’ ಎಂಬಲ್ಲಿ ಪ್ರಶ್ನೆಯ ಚಿಹ್ನೆ, ‘ಹೆದ್ದಾರಿ ಅಗಲ ಮಾಡಿದರೆ?’ ‘ಹವ್ಯಾಸ, ಪುಸ್ತಕ ಓದುವುದು’ ಎಂಬಲ್ಲಿ ಆಶ್ಚರ್ಯದ ಚಿಹ್ನೆ, ‘ಯಾವ ಪುಸ್ತಕ?’ ‘ಮಿತಭಾಷಿ’ ಎಂಬುದಕ್ಕೆ ಗೆರೆ, ‘ಇದನ್ನು ಬರೆದವರು ಅವರೋ, ಅವರ ಬದಲು ಮಾತಾಡುವವರೋ?’ ಅಪ್ಪ ಕೆಮ್ಮಿದ. ದೊಡ್ಡಪ್ಪ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.

ಕೊನೆಯ ಸಾಲಿಗೆ ಬಂದಾಗ ಹುಡುಗನ ತಾಯಿ ನಿಲ್ಲಿಸಿಬಿಟ್ಟರು. ಹಾಳೆ ಮಡಚಲು ಹೋದರು.

“ಪೂರಾ ಓದಿ” ಎಂದಳು ಸುಧಾ.

ಅವರು ಓದಲಿಲ್ಲ. ಸುಧಾ ತಾನೇ ಹಾಳೆ ತೆಗೆದುಕೊಂಡು ಓದಿದಳು. “ಅಪೇಕ್ಷೆ: ಸುಸಂಸ್ಕೃತ, ಗೃಹಕೃತ್ಯದಲ್ಲಿ ನಿಪುಣ, ವಿವಾಹಾನಂತರ ನೌಕರಿಯ ಹಂಬಲವಿಲ್ಲದ ಕನ್ಯೆ.” ಅದರ ಎದುರಿಗೆ ಅಂಚಿನಲ್ಲಿ ಒಂದು ನಕ್ಷತ್ರ ಇತ್ತು. ನಕ್ಷತ್ರದ ಕೆಳಗೆ ಚಿನ್ಮಯಿ ಬರೆದಿದ್ದಳು, ‘ಅತ್ತೆಗೆ ಇದನ್ನು ಯಾರಾದರೂ ಓದಿ ಹೇಳಿದ್ದಾರಾ?’

 ನಾನು ನೆಲ ನೋಡುತ್ತಿದ್ದೆ. ಅಚ್ಚಾದ ಒಂದೇ ಒಂದು ಪುಟ, ದಪ್ಪ ಅಕ್ಷರ, ಮನೆಯಲ್ಲಿ ಐದು ಜನ ಅಕ್ಷರಸ್ಥ ಹಿರಿಯರು. ಅವರಲ್ಲೊಬ್ಬನಂತೂ ನಿಕಟ ಓದಿನ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದವನು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ದೊಡ್ಡಪ್ಪನೇ ಮೊದಲು ಚೇತರಿಸಿಕೊಂಡರು. “ಹುಡುಗು ಬುದ್ಧಿ, ಮನಸ್ಸಿಗೆ ಹಚ್ಕಣೂದು ಬ್ಯಾಡ. ದೇವ್ರೇ ಬಲಪ್ರಸಾದ ಕೊಟ್ಟಾಗ್ಯದೆ. ಈಗ ಹಿಂದೆ ಸರಿಯೂಕೆ ಬರೂದಿಲ್ಲ ಸುಧಾ.”

“ದೇವ್ರ ಹತ್ರ ಎಂತಾ ಕೇಳಿದ್ರಿ ದೊಡ್ಡಪ್ಪ?”

“ಎಂತಾ ಕೇಳೂದು, ಸಂಬಂಧ ಒಳ್ಳೇದಾ ಅಂತ ಕೇಳ್ದೆ.”

“ಯಾರಿಗೆ ಒಳ್ಳೇದು ಅಂತ ಕೇಳಿದ್ರಾ?”

ದೊಡ್ಡಪ್ಪ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುಳಿತರು.

ಆಗ ಪ್ರಶಾಂತ ಬಾಯಿ ತೆರೆದ. ಅವನ ಮುಖ ಕೆಂಪಾಗಿತ್ತು. “ನೋಡಿ, ಅದು ನಾ ಹೇಳಿ ಬರ್ಸಿದ್ದಲ್ಲ. ಝೆರಾಕ್ಸ್ ಅಂಗಡೀಲಿ ಒಂದು ಫಾರ್ಮ್ಯಾಟ್ ಇರ್ತದೆ. ಹೆಸ್ರು, ಫೋಟೋ ಮಾತ್ರ ಬದಲಿ ಮಾಡ್ತಾರೆ. ಖರೆ ಹೇಳ್ಬೇಕು ಅಂದ್ರೆ ನಾನೇ ಅದನ್ನ ಕೊನೇತನ್ಕ ಓದ್ಲಿಲ್ಲ.”

ನನಗೆ ನಗು ಬರಬೇಕಿತ್ತು. ವರ ತನ್ನ ಬಯೋಡಾಟಾ ಓದಿಲ್ಲ, ಕನ್ಯೆಯ ಕಡೆಯವರೂ ಓದಿಲ್ಲ, ದೇವರಿಗೆ ಮಡಚಿ ಕೊಟ್ಟಿದ್ದರಿಂದ ಅವನೂ ಓದಿರಲಿಕ್ಕಿಲ್ಲ. ಆದರೂ ಮದುವೆ ಅರ್ಧ ಗೊತ್ತಾಗಿತ್ತು. ನಗು ಬರಲಿಲ್ಲ, ಏಕೆಂದರೆ ಸುಧಾಳ ಮುಖದಲ್ಲಿ ಆಸೆ ಕಂಡಿತು. ಅವಳು ಆ ಮಾತನ್ನು ಹಿಡಿದುಕೊಂಡಳು.

“ಹಂಗಾರೆ ಅದು ನಿಮ್ಮ ಮಾತಲ್ಲ.”

“ಅಲ್ಲ.”

“ನಾ ಕೆಲ್ಸ ಬಿಡೂದಿಲ್ಲ. ನಿಮ್ಗೆ ಅಡ್ಡಿ ಅದ್ಯಾ?”

“ನಂಗೆಂತ ಅಡ್ಡಿ?” ಎಂದ ಅವನು. ಮನಸ್ಸಿನಿಂದಲೇ ಹೇಳಿದ, ನಾನು ಅವನ ಮುಖ ನೋಡಿದೆ.

ಸುಧಾ ನನ್ನ ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ಮೇಜಿನ ಮೇಲೆ ಅಗಲಿಸಿ, ಎರಡನ್ನೂ ಅವನ ಮುಂದೆ ಸರಿಸಿದಳು. “ಹಂಗಾರೆ ಆ ಸಾಲು ಹೊಡ್ದು ಹಾಕಿ. ಒಂದು ಗೆರೆ, ಅಷ್ಟೇ.”

ಅವನು ಪೆನ್ನು ತೆಗೆದುಕೊಂಡ. ಮುಚ್ಚಳ ತೆಗೆದ. ತೆಗೆದು, ತಾಯಿಯ ಮುಖ ನೋಡಿದ.

“ಬರ್ದದ್ದನ್ನೆಲ್ಲ ಎಂತಕ್ಕೆ ಹೊಡ್ದು ಹಾಕೂದು?” ಎಂದರು ತಾಯಿ. ದನಿ ಮೆತ್ತಗೇ ಇತ್ತು. “ಆ ಸಾಲು ಅಂಗಡಿಯವ್ನು ಹಾಕಿದ್ದೇ ಆಗ್ಲಿ, ನಾ ಓದಿದ್ದೆ. ತಪ್ಪೇನೂ ಕಾಣ್ಲಿಲ್ಲ ನಂಗೆ, ಅದ್ಕೇ ಇಟ್ಟೆ. ಈಗ್ಲೇ ಕಾಗದ ಗೀಚೂದೆಲ್ಲ ಬ್ಯಾಡ. ಮದ್ವೆ ಆಗ್ಲಿ, ಮುಂದೆ ನೋಡೂಕೆ ಬತ್ತದೆ.”

ಇಡೀ ಮನೆಯಲ್ಲಿ ಆ ಹಾಳೆಯನ್ನು ಓದಿದವರು ಇಬ್ಬರೇ ಎಂದು ಆಗ ತಿಳಿಯಿತು. ಒಬ್ಬಳು ನನ್ನ ಮಗಳು, ಇನ್ನೊಬ್ಬರು ಇವರು.

ಪ್ರಶಾಂತ ಪೆನ್ನು ಹಿಡಿದು ಹಾಳೆಯ ಮೇಲೆ ಬಗ್ಗಿದ. ಅವನ ಕೈ ಆ ಸಾಲಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಸುಧಾ ಅವನ ಕೈಯನ್ನೇ ನೋಡುತ್ತಿದ್ದಳು. ಅವಳು ಲ್ಯಾಬಿನಲ್ಲಿ ಹೇಗೆ ನೋಡುತ್ತಾಳೆಂದು ನಾನು ಕಂಡದ್ದಿಲ್ಲ, ಬಹುಶಃ ಹೀಗೆಯೇ ಇರಬೇಕು. ನಮ್ಮ ಆಯಿ ಅಡುಗೆಮನೆಯ ಬಾಗಿಲಿನಿಂದ, “ಎಳಿಯೋ ಮಗಾ, ಎಳ್ದುಬಿಡು” ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಅವನು ಮುಚ್ಚಳ ಹಾಕಿ ಪೆನ್ನು ಕೆಳಗಿಟ್ಟ. “ಮುಂದೆ ನೋಡುವಾ” ಎಂದ.

 ಸುಧಾಳ ಕಣ್ಣು ತುಂಬಿದ್ದು ನನಗೆ ಕಂಡಿತು, ಅವಳು ಅದನ್ನು ಒರೆಸಲಿಲ್ಲ. ದೊಡ್ಡಪ್ಪ ಮೇಜಿನ ಮೇಲಿಟ್ಟ ತಟ್ಟೆಯನ್ನು ಎತ್ತಿಕೊಂಡು, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬಂತೆ ಆ ತಾಯಿಗೆ ಕುಂಕುಮ ಕೊಟ್ಟಳು, ತೆಂಗಿನಕಾಯಿ ಕೊಟ್ಟಳು. ಕೊನೆಗೆ ಹಾಳೆಯನ್ನು ಮಡಚದೆ, ಅಕ್ಷರ ಮೇಲಾಗಿ ಹಿಡಿದು ಕೊಟ್ಟಳು.

“ಮುಂದಿನ ಮನೆಗೆ ಇದೇ ಪ್ರತಿ ಕೊಡಿ. ಆ ಮನೇಲಿ ಓದೂ ಮಕ್ಕಳು ಇರ್ತಾರೋ ಇಲ್ವೋ.”